ಓದದೇ ಹೋದ ಒಂದು ಮೋಡಿ ಕಾಗದ

ರಾಯರ ಬಲಗಿವಿಯ ಹಿಂದೆ ಪೆನ್ನು ಕೂತು ಕೂತು ಸಣ್ಣ ಗುಳಿ ಬಿದ್ದಿತ್ತು. ಜಮಖಂಡಿ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಅವರು ಅರ್ಜಿ ಬರೆಯುತ್ತಿದ್ದರು. ಬೇವೋ ಹುಣಸೆಯೋ, ಈಗ ನನಗೆ ಖಾತ್ರಿಯಿಲ್ಲ. ಯಾರೇ ಬರಲಿ, ಮಾತುಮಾತಿಗೂ ತಡೆದು "ಕಂಡದ್ದೋ, ಕೇಳಿದ್ದೋ?" ಎನ್ನುವರು. ಮುಧೋಳದ ಕಡೆಯ ರೈತನೊಬ್ಬ ರೇಗಿದ್ದ: "ನನ್ನ ಹೊಲಾ ನನಗ ಗೊತ್ತಿಲ್ಲೇನ್ರಿ ರಾಯರ?"

"ಹೊಲಾ ಗೊತ್ತದಪಾ. ನಿಮ್ಮಜ್ಜ ಬದು ಹಾಕಿದ್ದು ಕಂಡೀಯೇನು? ಆಗ ನಿಮ್ಮಪ್ಪನೇ ತೊಟ್ಟಲದಾಗಿದ್ದ."

ನಾನಾಗ ಊರುಗಳ ಹೆಸರಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಜಂಬು ಎಂದರೆ ನೇರಳೆ. ನೇರಳೆ ಮರಗಳ ನಡುವಿನ ಜಂಬುಕೇಶ್ವರನಿಂದ ಜಮಖಂಡಿ ಎಂಬ ಹೆಸರು ಬಂತೆಂದು ಊರೆಲ್ಲ ಹೇಳುತ್ತದೆ. ನನಗೆ ಪುರಾವೆ ಬೇಕಿತ್ತು. ಹಳೆಯ ಮರಾಠಿ ದಫ್ತರಗಳ ಮೋಡಿ ಲಿಪಿ ಬಲ್ಲ ರಾಯರು, ಹಾಗೆಂದು ಬರೆದ ಸಂಸ್ಥಾನ ಕಾಲದ ಕಾಗದವೊಂದನ್ನು ತಾವು ಓದಿದ್ದಾಗಿ ಹೇಳಿದ್ದರು. ನನ್ನ ಮೂರನೆಯ ಅಧ್ಯಾಯ ನಿಂತದ್ದೇ ಆ ಮಾತಿನ ಮೇಲೆ.

ಪ್ರಬಂಧ ಸಲ್ಲಿಸಲು ವಾರವಿದ್ದಾಗ ಅವರು ಬನಹಟ್ಟಿಯ ನಮ್ಮ ಮನೆಗೆ ಬಂದರು. ಬಸ್ಸಿನಲ್ಲಿ ಬಂದರೆಂದು ನನ್ನ ನೆನಪು. ಅಲ್ಲ, ಆಟೋದಲ್ಲಿ ಎನ್ನುತ್ತಾಳೆ ಅವ್ವ. ಕೊಟ್ಟ ನೀರು ಮುಟ್ಟಲಿಲ್ಲ.

"ಆ ಕಾಗದ ನಾ ಓದಿಲ್ಲೋ. ನಮ್ಮಪ್ಪ ಓದೇನಿ ಅಂತಿದ್ದ. ಹೇಳಿ ಹೇಳಿ ನಾನೇ ಓದಿದಂಗ ಆಗಿಬಿಟ್ಟದ. ನಿನ್ನೆ ಪೆಟಿಗಿ ಎಲ್ಲಾ ತಗದು ನೋಡಿದೆ. ಇಲ್ಲ."

"ಯಾರು ಕೇಳ್ತಾರ ಬಿಡ್ರಿ" ಎಂದೆ. ನಾಚಿಕೆಗೇಡಿನ ಮಾತು, ಆದರೆ ಅಂದದ್ದು ನಾನೇ. ಆ ಅಧ್ಯಾಯ ಬಿದ್ದರೆ ನನ್ನದೊಂದು ವರ್ಷ ಹೋಗುತ್ತಿತ್ತು.

"ಕೋರ್ಟ ಕಟ್ಟಿ ಮ್ಯಾಲೆ ನಾಳೆ ನನ್ನ ನೋಡಿ ನಗತಾರ. ನಗಲಿ. ಹೊಡದು ಹಾಕು."

ನನ್ನ ಕೈ ಏಳಲಿಲ್ಲ. ಅವರೇ ಪುಟ ಹುಡುಕಿ, 'ಓದಿದ್ದಾರೆ' ಎಂಬುದಕ್ಕೆ ಗೆರೆ ಎಳೆದು, ಮೇಲೆ 'ತಂದೆಯಿಂದ ಕೇಳಿದ್ದಾರೆ' ಎಂದು ಬರೆದು ಸಹಿ ಹಾಕಿದರು. ಆಮೇಲೆ ತಂಬಿಗೆಯ ನೀರನ್ನೆಲ್ಲ ಕುಡಿದರು.

ವರ್ಷ ಹೋಯಿತು. ಪದವಿ ಬಂತು. 'ಹೆಸರಿನ ಮೂಲ ಖಚಿತವಿಲ್ಲ' ಎಂದು ಬರೆಯುವ ಧೈರ್ಯವೂ ಬಂತು.

ಹೋದ ವರ್ಷ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು, ಊರ ಹೆಸರಿನ ಮೂಲ ಪತ್ರವನ್ನು ಕಣ್ಣಾರೆ ಓದಿದ್ದ ಕೊನೆಯ ಮನುಷ್ಯ ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ. "ಓದಿರಲಿಲ್ಲರಿ. ಅವರೇ ನನಗ ಹೇಳಿದ್ರು."

ಸಭೆಯೆಲ್ಲ ನನ್ನತ್ತ ತಿರುಗಿತು. ಸತ್ತವರ ಮರ್ಯಾದೆ ತೆಗೆದೆನೇನೋ ಅನಿಸಿತು. ಮುಂದಿನ ಸಾಲಿನಲ್ಲಿದ್ದ ಅವರ ಮಗಳು ಎದ್ದು, ಪಕ್ಕದ ಕುರ್ಚಿಯ ಮೇಲಿದ್ದ ಶಾಲು ತೆಗೆದಳು.

"ಖರೆ ಅದರಿ. ಬರ್ರಿ, ಇಲ್ಲಿ ಕೂಡ್ರಿ" ಎಂದಳು.