ಮೋಸಂಬಿ ಸಿಪ್ಪೆಯ ಗೋಲಿ

ಸಿಂಧನೂರಿನ ಬಸ್ ನಿಲ್ದಾಣದೆದುರಿನ ಜ್ಯೂಸ್ ಅಂಗಡಿಯವನು ಹಿಂಡಿದ ಮೋಸಂಬಿಯನ್ನು ಬಕೆಟ್ಟಿಗೆ ಎಸೆಯಲು ಹೊರಟಿದ್ದ. ಅದಕ್ಕೂ ಮೊದಲೇ ನನ್ನ ತೊಳೆದ ಡಬ್ಬಿಯನ್ನು ಚಾಚಿದೆ.

"ಯಾಕ್ರೀ ಮಾಸ್ತರ, ಎಮ್ಮಿ ಕಟ್ಟೀರೇನು?"

"ನಮ್ಮ ಅಕ್ಕಗ."

"ಹಂಗಾರ ಎಮ್ಮಿ ಪಾಲಂತ ಅಕ್ಕಾರಿಗೆ ಹೇಳಬ್ಯಾಡ್ರಿ."

ಅಕ್ಕ ಗುರುಗುಂಟಾದಲ್ಲಿದ್ದಾಳೆ. ಹಲ್ಲು ಹೋದ ಮೇಲೆ ಜೋಳದ ರೊಟ್ಟಿ ನಿಂತು ಮೆತ್ತನೆಯ ಅನ್ನವೇ ಊಟವಾಗಿ, ಹೊಟ್ಟೆ ಕಟ್ಟಿಕೊಳ್ಳತೊಡಗಿತ್ತು. ನಾನು ವಿಜ್ಞಾನ ಪಾಠ ಹೇಳಿದವನು. ಮೋಸಂಬಿಯ ತಿರುಳಿನಲ್ಲಿ, ಸಿಪ್ಪೆಯೊಳಗಿನ ಬಿಳಿ ಪದರದಲ್ಲಿ ಪೆಕ್ಟಿನ್ ಎಂಬ ನಾರಿದೆ. ಸಿಪ್ಪೆಯಲ್ಲಿ ದೇಹಕ್ಕೆ ಒಳ್ಳೆಯದೆನ್ನುವ ಫ್ಲೇವನಾಯ್ಡ್‌ಗಳಿವೆ. ಎಲ್ಲವನ್ನೂ ಉಪ್ಪುನೀರಿನಲ್ಲಿ ತೊಳೆದು, ಒಣಗಿಸಿ, ಪುಡಿ ಮಾಡಿ, ಬೆಲ್ಲದೊಂದಿಗೆ ಕುಟ್ಟಿ ಗೋಲಿ ಕಟ್ಟಿದೆ. ಜೊತೆಗೊಂದು ಪಟ್ಟಿ ಕೊಟ್ಟೆ: ಬೆಳಿಗ್ಗೆ ಆರಕ್ಕೆ ಎರಡು, ಸಂಜೆ ಆರಕ್ಕೆ ಎರಡು. ತಪ್ಪಿಸಬಾರದು.

ಆರನೆಯ ದಿನ ಅಕ್ಕನ ಸೊಸೆಯ ಫೋನ್ ಬಂತು. "ಮಾವಾರ, ಅತ್ತಿ ಬಯಲಕಡಿಗೆ ಹೋಗಿ ನಾಕು ದಿನ ಆತು. ಹೊಟ್ಟಿ ಕಲ್ಲಾಗೈತಿ. ಲಿಂಗಸುಗೂರಿಗೆ ಕರಕೊಂಡು ಹೊಂಟೀವಿ."

ಸಿಕ್ಕ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಚಾಲಕ ಚಹಾಕ್ಕೆ ಇಳಿದ. ನಾನು ಗಡಿಯಾರ ನೋಡಿದೆ, ಇಳಿದೆ, ಹತ್ತಿದೆ, ಮತ್ತೆ ಇಳಿದೆ.

"ಕುಂದರ್ರೀ ಹಿರಿಯರ," ಎಂದ ಕಂಡಕ್ಟರ್. "ನೀವು ಅಡ್ಡಾಡಿದ್ರ ಅವನ ಚಹಾ ಲಗೂ ಆರಂಗಿಲ್ಲ."

ಲಿಂಗಸುಗೂರಿನ ಆಸ್ಪತ್ರೆ ಸೇರಿದಾಗ ವೈದ್ಯೆ ಒಂದು ಗೋಲಿಯನ್ನು ಮೂಸಿ ನೋಡುತ್ತಿದ್ದರು. "ದಿನಕ್ಕ ಎಷ್ಟು ನೀರು ಕುಡೀತೀರಿ ಅಜ್ಜಿ?"

"ಎರಡು ಗಿಂಡಿ ರೀ. ಕುಡದ್ರ ಮ್ಯಾಲಿಂದ ಮ್ಯಾಲ ಏಳಬೇಕು. ಮೊಳಕಾಲು ಕೇಳಂಗಿಲ್ಲ."

"ನಾರಿಗೆ ನೀರು ಬೇಕ್ರಿ. ನೀರಿಲ್ಲದ ನಾರು ಒಳಗ ಗಟ್ಟಿ ಆಕ್ಕತಿ."

ಅಕ್ಕ ಸೆರಗಿನ ಗಂಟು ಬಿಚ್ಚಿ ಪಟ್ಟಿ ತೆಗೆದಳು. "ಬರದಂಗ ಮಾಡೀನಿ. ಇದರಾಗ ನೀರು ಎಲ್ಲೈತಿ, ತೋರ್ಸಲೇ ಮಾಸ್ತರ."

ಇರಲಿಲ್ಲ. ಆ ಮೊಳಕಾಲನ್ನು ನಾನು ಎಷ್ಟೋ ವರ್ಷದಿಂದ ನೋಡುತ್ತಿದ್ದೆ. ಆದರೂ ನೀರೆಷ್ಟು ಕುಡಿಯುತ್ತೀ ಎಂದು ಕೇಳಿರಲಿಲ್ಲ.

ವೈದ್ಯೆ ಗೋಲಿ ನಿಲ್ಲಿಸಿ ಔಷಧ ಕೊಟ್ಟರು. ಮರುದಿನ ಗುರುಗುಂಟಾದ ಮನೆಯಲ್ಲಿ ಅಕ್ಕ ಪಾಯಖಾನೆಯ ಬಾಗಿಲು ಹಾಕಿಕೊಂಡಳು. ನಾನು ಅಂಗಳದ ಉದ್ದಗಲ ಅಳೆದೆ.

"ಅಡ್ಡಾಡಬ್ಯಾಡಲೇ," ಒಳಗಿಂದ ದನಿ ಬಂತು. "ಬರೋದೂ ಬರಂಗಿಲ್ಲ."

ನಿಂತೆ. ಬಹಳ ಹೊತ್ತಿನ ಮೇಲೆ, "ಆತು" ಎಂದಳು. ಆದರೆ ಬಾಗಿಲು ತೆರೆಯಲಿಲ್ಲ. ಏಳಲಾಗದೆ ಸೊಸೆಯನ್ನು ಕೂಗಿದಳು.

ಆ ಸಂಜೆಯೇ ಗೌಂಡಿಯನ್ನು ಕರೆಸಿ ಪಾಯಖಾನೆಯ ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿದೆ. ಅಕ್ಕ ಅದನ್ನು ಹಿಡಿದು ಎರಡು ಸಲ ಕೂತೆದ್ದು ನೋಡಿದಳು. ಹೊರಗೆ ಬಂದವಳೇ ಒಂದು ಗಿಂಡಿ ನೀರು ಕೇಳಿದಳು.