ಕಬ್ಬಿಣದಲ್ಲಿ ನವಿಲು ಬಿಡಿಸುವ ಚಿಕ್ಕಹನುಮಯ್ಯ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೇರೋಹಳ್ಳಿಯ ಶೆಡ್ಡೊಂದರಲ್ಲಿ ಚಿಕ್ಕಹನುಮಯ್ಯ ಕಂಪ್ರೆಸರ್‌ನ ಹೊಟ್ಟೆಯಲ್ಲಿ ನಿಂತ ನೀರನ್ನು ಬಸಿಯುತ್ತಿದ್ದಾರೆ, ಎಮ್ಮೆಯ ಹಾಲು ಕರೆಯುವವರ ತಾಳ್ಮೆಯಲ್ಲಿ. ಅದು ಊದುವ ಗಾಳಿಯಲ್ಲಿ ತೇವ ಉಳಿದರೆ ಕಬ್ಬಿಣ ಕತ್ತರಿಸುವ ಪ್ಲಾಸ್ಮಾ ಮುನಿಸಿಕೊಳ್ಳುತ್ತದೆ.

ಮಂಜುಗಡ್ಡೆಗೆ ಕಾವು ಕೊಟ್ಟರೆ ನೀರು, ನೀರಿಗೆ ಕೊಟ್ಟರೆ ಆವಿ. ಅನಿಲಕ್ಕೂ ಬಿಡದೆ ಕಾವು ಕೊಟ್ಟರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು, ಅದು ವಿದ್ಯುತ್ತು ಹರಿಯುವ ನಾಲ್ಕನೆಯ ಸ್ಥಿತಿಗೆ ಬರುತ್ತದೆ. ಅದೇ ಪ್ಲಾಸ್ಮಾ. ಸೂರ್ಯ, ಮಿಂಚು, ಉರಿಯುವ ಟ್ಯೂಬ್‌ಲೈಟಿನ ಒಳಗು, ಎಲ್ಲ ಇದೇ ಬಳಗ. ಚಿಕ್ಕಹನುಮಯ್ಯನವರ ವಿವರಣೆ ಇನ್ನೂ ಗಿಡ್ಡ. "ಕರೆಂಟು ಹೊಡೆದ್ರೆ ಗಾಳಿಗೆ ಮೈಮೇಲೆ ಬರ್ತದೆ ಸಾರ್. ಮೈಮೇಲೆ ಬಂದೋರ ಮುಂದೆ ಕಬ್ಬಿಣ ನಿಂತ್ಕೊಂತದಾ?"

ಶೆಡ್ಡಿರುವ ಜಾಗ ಅವರಪ್ಪ ರಾಗಿ ಒಕ್ಕುತ್ತಿದ್ದ ಕಣ. ಹೊಲ ಸೈಟಾದ ಮೇಲೆ ಗ್ಯಾಸ್ ಕಟಿಂಗ್ ಕಲಿತು, ಆಮೇಲೆ ಪ್ಲಾಸ್ಮಾ ಉಗುಳುವ ಈ ಟಾರ್ಚು ಹಿಡಿದರು. ಸಾದಾ ಗೇಟಾದರೂ ದಿನಕ್ಕೆ ಎರಡಾದರೆ ಹೆಚ್ಚು. ಕಿಡಿ ಬಿದ್ದ ಅಂಗಿ ತೋರಿಸಿ ನಗುತ್ತಾರೆ. "ಮನೇಲಿ ಇದನ್ನ ಜರಡಿ ಅಂತಾರೆ."

ಇವತ್ತು ಮಲ್ಲತ್ತಹಳ್ಳಿಯ ಪಾಪಮ್ಮನವರ ಗೇಟು. ನಾಳೆ ಗೃಹಪ್ರವೇಶ. ತಗಡಿನ ಮೇಲೆ ಚಾಕ್‌ಪೀಸಿನಲ್ಲಿ ಒಂದೊಂದೇ ಗರಿಯಾಗಿ ನವಿಲು ಬರೆಯಲು ಚಿಕ್ಕಹನುಮಯ್ಯನವರಿಗೆ ಎರಡು ದಿನ ಹಿಡಿದಿದೆ. ನಿನ್ನೆ ಸಂಜೆ ಪಾಪಮ್ಮ ಬಂದು, ಕೆಲಸ ಸಲೀಸಾಗಲೆಂದು, ಹೊಸ್ತಿಲಿಗೆ ಬಳಿಯುವಂತೆ ತಗಡಿನ ಅಂಚಿಗೆಲ್ಲ ದಪ್ಪಗೆ ಅರಿಸಿನ ಬಳಿದು ಹೋಗಿದ್ದಾರೆ. ಕರೆಂಟು ಹರಿಯಬೇಕಾದರೆ ಅರ್ಥಿಂಗ್ ತಂತಿಯ ತುದಿಯ ಕ್ಲಾಂಪು ಬರಿಯ ಕಬ್ಬಿಣವನ್ನು ಕಚ್ಚಬೇಕು. ಈಗ ಅದು ಕಚ್ಚಿರುವುದು ಒಣಗಿದ ಅರಿಸಿನವನ್ನು. ಟಾರ್ಚಿನ ತುದಿಯಲ್ಲಿ ಕಿಡಿ ಮಿನುಗಿ ಆರುತ್ತದೆ. ಮತ್ತೆ ಮಿನುಗಿ ಆರುತ್ತದೆ.

ಅಷ್ಟರಲ್ಲಿ ಕಾಲಿಟ್ಟ ಪಾಪಮ್ಮ ಎದೆ ಹಿಡಿದುಕೊಳ್ಳುತ್ತಾರೆ. "ಅಪಶಕುನ ಕಣಪ್ಪ. ಈ ನವಿಲೇ ಬ್ಯಾಡ, ಬಿಡು."

"ಅರಿಸಿನ ಒಸಿ ಒರೆಸಿದ್ರೆ ಆಯ್ತದೆ ಅಮ್ಮಾರೆ."

"ಒರೆಸ್ತೀಯಾ? ಒರೆಸು, ನೋಡಾನ."

ಚಿಕ್ಕಹನುಮಯ್ಯ ಒರೆಸುವುದಿಲ್ಲ. ತಗಡಿನ ಅಡಿಗೆ ತೂರಿ, ಹಿಂಬದಿಯ ಬಣ್ಣವನ್ನು ಅಂಗೈಯಗಲ ಉಜ್ಜಿ ತೆಗೆದು, ಕ್ಲಾಂಪನ್ನು ಅಲ್ಲಿಗೆ ಕಚ್ಚಿಸುತ್ತಾರೆ. "ಮುಂದೆ ದೇವ್ರು ಇರ್ಲಿ. ಕರೆಂಟು ಹಿಂದ್ಗಡೆ ಬಾಗ್ಲಲ್ಲಿ ಬರ್ಲಿ."

ಪಾಪಮ್ಮನಿಗೆ ಅರ್ಧ ಸಮಾಧಾನ. "ಆ ಬಾಗ್ಲು ಆಗ್ನೇಯಕ್ಕದಾ?"

"ಇವತ್ತಿಗೆ ಅದೆ ಅಮ್ಮಾರೆ."

ನೀಲಿ ಉರಿ ಬುಸ್ಸೆಂದು ತಗಡಿಗಿಳಿಯುತ್ತದೆ. ಮೊದಲು ಕೊಕ್ಕು, ಆಮೇಲೆ ಕತ್ತು, ಕೊನೆಗೆ ಗರಿ. ಪಾಪಮ್ಮ ಕಣ್ಣಿಗೆ ಸೆರಗು ಅಡ್ಡ ಹಿಡಿದೇ ಕೈ ಮುಗಿಯುತ್ತಾರೆ.

ಚಿಕ್ಕಹನುಮಯ್ಯ ಕನ್ನಡಕ ಮೇಲೆತ್ತಿ ಬೆವರು ಒರೆಸಿಕೊಳ್ಳುತ್ತಾರೆ. "ನಾಳೆ ಗೇಟಿನ ಈ ತೂತಲ್ಲಿ ಬಿಸಿಲು ತೂರಿದ್ರೆ ನೆಲದ್ಮೇಲೂ ಒಂದು ನವಿಲು ಮೂಡ್ತದೆ ಸಾರ್. ಊಟಕ್ಕೆ ಬಂದೋರು ಅದನ್ನ ತುಳೀದೆ, ಒಂದು ಹೆಜ್ಜೆ ಸುತ್ಕೊಂಡು ಹೋದ್ರೆ ಸಾಕು."