‘ಆಗಲ್ಲ’ ಅಂದ ಬ್ರೇಕ್ ಮೇಸ್ತ್ರಿ

ಗ್ಯಾರೇಜಿನವರ ಕೈ ಎಂದರೆ ಕಪ್ಪಗಿರುತ್ತದೆ ಎಂದುಕೊಂಡಿದ್ದೆ. ಬ್ರೇಕ್ ಮೇಸ್ತ್ರಿಯ ಕೈ ಬಿಳಚಿಕೊಂಡಿತ್ತು. ಬೆರಳ ತುದಿಯ ಚರ್ಮ ಒಣಗಿ ಸೀಳಿ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಎದ್ದಿರುತ್ತಿತ್ತು. ಎಂಜಿನ್ ಆಯಿಲ್ ಕೈಗೆ ಮೆತ್ತಿಕೊಳ್ಳುತ್ತದೆ, ಬ್ರೇಕ್ ಆಯಿಲ್ ಚರ್ಮದ ಜಿಡ್ಡನ್ನೆಲ್ಲ ತೆಗೆದುಬಿಡುತ್ತದೆ. ಮೂವತ್ತು ವರ್ಷ ಅವರು ಬ್ರೇಕ್ ಕೆಲಸ ಬಿಟ್ಟು ಇನ್ನೊಂದನ್ನು ಮುಟ್ಟಿರಲಿಲ್ಲ. ನೋಡಲಾರದೆ ನಾನೊಮ್ಮೆ ಕೈಗೆ ಹಚ್ಚಿಕೊಳ್ಳಲು ಮುಲಾಮು ಕೊಂಡುಹೋಗಿದ್ದೆ. ಕೈ ಜಿಡ್ಡಾದರೆ ನಟ್ಟು ಎಷ್ಟು ಬಿಗಿಯಾಯಿತೆಂದು ಬೆರಳಿಗೆ ತಿಳಿಯುವುದಿಲ್ಲ ಎಂದು ಹೇಳಿ ಅದನ್ನು ಹಾಗೆಯೇ ಹಿಂದಕ್ಕೆ ಕೊಟ್ಟರು.

ನನ್ನದು ಬೇಲೂರು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಇಪ್ಪತ್ತು ವರ್ಷಕ್ಕೂ ಮೇಲೆ ಕೌಂಟರಿನ ಹಿಂದೆ ನಿಂತೇ ಕಳೆದವಳು, ನಲವತ್ತೈದು ತುಂಬಿದ ವರ್ಷ ಒಂದು ಹುಚ್ಚು ಕೆಲಸ ಮಾಡಿದೆ. ಎಸ್ಟೇಟಿನವರೊಬ್ಬರ ಷೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡುಕೊಂಡೆ. ಯಾಕೆ ಎಂದು ಕೇಳಿದವರಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಚಿಕ್ಕಂದಿನಿಂದ ಆಸೆಯಿತ್ತು, ಅಷ್ಟೆ. ಎಂಜಿನ್ನು ಚೆನ್ನಾಗಿತ್ತು. ಬ್ರೇಕ್ ಮಾತ್ರ ಒತ್ತಿದರೆ ಸ್ಪಂಜು ಒತ್ತಿದ ಹಾಗಾಗುತ್ತಿತ್ತು. ಇಂಥ ಗಾಡಿಗೆ ಕೈ ಹಾಕುವವರು ಅರಸೀಕೆರೆಯಲ್ಲಿ ಒಬ್ಬರೇ ಇದ್ದಾರೆ, ರೈಲ್ವೆ ಗೇಟಿನಾಚೆ ಬ್ರೇಕ್ ಮೇಸ್ತ್ರಿ ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ ಎಂದು ಮಾರಿದವರೇ ಹೇಳಿದರು.

ಮೊದಲ ಸಲ ಹೋದಾಗ ಅವರು ಹೆಚ್ಚು ಮಾತಾಡಲಿಲ್ಲ. ಕಾರಿನಡಿ ಮಲಗಿ ನೋಡಿ, ಸೋರುತ್ತಿದ್ದ ಒಂದು ಜಾಗ ಬಿಗಿ ಮಾಡಿ, ಹೋಸುಗಳು ಹಳತಾಗಿವೆ, ನಿಧಾನವಾಗಿ ಹೋಗಿ, ಬೇಗ ಬದಲಾಯಿಸಬೇಕು ಎಂದರು. ಹೋಸೆಂದರೆ ಚಕ್ರದ ಹತ್ತಿರ ಬ್ರೇಕ್ ಆಯಿಲ್ ಹಾಯುವ ರಬ್ಬರಿನ ಕೊಳವೆ. ರಬ್ಬರು ಹಳತಾದರೆ ನಾವು ಒತ್ತಿದ ಬಲದಲ್ಲಿ ಅರ್ಧ ಆ ಕೊಳವೆ ಉಬ್ಬುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ಹೊರಡುವಾಗ ನನ್ನ ನಂಬರು ಬರೆದುಕೊಂಡು, ಮನೆ ಸೇರಿದ ಮೇಲೆ ಫೋನ್ ಮಾಡಿ ಎಂದರು. ಜಾವಗಲ್ ದಾಟುವಷ್ಟರಲ್ಲಿ ನಾನು ಅದನ್ನು ಮರೆತಿದ್ದೆ. ಮನೆಗೆ ಬಂದಾಗ ಫೋನು ಸತ್ತುಹೋಗಿತ್ತು. ಚಾರ್ಜಿಗೆ ಹಾಕಿ ಮಲಗಿದೆ, ಆನ್ ಮಾಡಲಿಲ್ಲ.

ಮರುದಿನ ಅಂಗಡಿಯ ಬಾಗಿಲೆತ್ತಲು ಹೋದಾಗ ಮೆಟ್ಟಿಲ ಮೇಲೆ ಒಬ್ಬರು ಕೂತಿದ್ದರು. ಮೇಸ್ತ್ರಿ. ಮೊದಲ ಬಸ್ಸು ಹಿಡಿದು ಬಂದಿದ್ದರು. ಊರಿನಲ್ಲಿ ಕೆಂಪು ಕಾರಿನ ಮೆಡಿಕಲ್ ಮೇಡಂ ಎಂದರೆ ಅಂಗಡಿ ತೋರಿಸದವರಿಲ್ಲ. ನನ್ನನ್ನು ಕಂಡವರೇ ಎದ್ದು ನಿಂತರು. ಏನಾಯಿತು ಎಂದು ಕೇಳಿದೆ. ಏನೂ ಇಲ್ಲ, ಫೋನ್ ಹೋಗಲಿಲ್ಲ, ಅದಕ್ಕೆ ಬಂದೆ ಎಂದರು. ಒಂದು ಲೋಟ ನೀರು ಕುಡಿದು, ಕಾಫಿಗೂ ನಿಲ್ಲದೆ ಮುಂದಿನ ಬಸ್ಸಿಗೆ ವಾಪಸು ಹೊರಟುಬಿಟ್ಟರು. ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರದಿಂದ ಒಬ್ಬ ಮನುಷ್ಯ ನಾನು ಬದುಕಿದ್ದೇನೋ ಇಲ್ಲವೋ ನೋಡಲು ಬಂದಿದ್ದ. ನನಗೆ ಆಗ ನಗು ಬಂತು, ಒಳಗೊಳಗೇ ಸ್ವಲ್ಪ ಭಯವೂ ಆಯಿತು.

ಹೋಸು ಬದಲಾಯಿಸಬೇಕೆಂದ ಮೇಲೆ ನಾನು ಮೊಬೈಲಿನಲ್ಲಿ ಹುಡುಕಿದೆ. ಸ್ಪೋರ್ಟ್ಸ್ ಕಾರಿಗೆ ರಬ್ಬರಿನದೇಕೆ, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಹೆಣಿಗೆ ಇರುವುದೇ ಹಾಕಬೇಕು, ಅದು ಉಬ್ಬುವುದಿಲ್ಲ, ಬ್ರೇಕು ಕಲ್ಲಿನ ಹಾಗೆ ಗಟ್ಟಿ ನಿಲ್ಲುತ್ತದೆ ಎಂದು ಎಲ್ಲ ಕಡೆ ಬರೆದಿದ್ದರು. ನಾಲ್ಕರ ಒಂದು ಸೆಟ್ಟು ತರಿಸಿದೆ. ಬೆಳ್ಳಿ ಸರದ ಹಾಗೆ ಹೊಳೆಯುತ್ತಿದ್ದವು. ಯಾರು ಮಾಡಿದ್ದೆಂದು ಪೆಟ್ಟಿಗೆಯ ಮೇಲೆ ಹೆಸರಿರಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ.

ಕಾರಿನಲ್ಲಿ ಅರಸೀಕೆರೆಗೆ ಒಯ್ದಾಗ ಮೇಸ್ತ್ರಿ ಅವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ತುದಿಯ ಹಿತ್ತಾಳೆಯ ಕೂಡಿಕೆಯನ್ನು ಉಗುರಿನಿಂದ ಕೆರೆದರು. ಆಮೇಲೆ ಒಂದನ್ನು ವೈಸಿನ ಇಕ್ಕುಳಕ್ಕೆ ಕಚ್ಚಿಸಿ, ನನ್ನನ್ನು ಒಂದು ಮಾತೂ ಕೇಳದೆ ಗರಗಸದಿಂದ ನಡುವೆ ಕೊಯ್ದುಬಿಟ್ಟರು. ನನಗೆ ಸಿಟ್ಟು ಬಂದು ಏನೋ ಅಂದೆ. ಅವರು ಕೊಯ್ದ ತುದಿಯನ್ನು ನನ್ನ ಅಂಗೈ ಮೇಲಿಟ್ಟರು. ಹೊರಗೆ ತಂತಿ, ಒಳಗೆ ತೆಳ್ಳನೆಯ ರಬ್ಬರು, ಸೈಕಲ್ ಟ್ಯೂಬಿನಷ್ಟು ದಪ್ಪವೂ ಇರಲಿಲ್ಲ.

“ಸ್ಟೀಲು ಮೇಲ್ಗಡೆ ಅಂಗಿ ಕಣ್ರೀ ಮೇಡಂ. ಆಯಿಲ್ ತಡೆಯೋದು ಒಳಗಿನ ನಳಿಗೆ. ಅದು ಯಾತರ್ದು ಅಂತ ಕೇಳಿದ್ರಾ?”

ಕೇಳಿರಲಿಲ್ಲ. ಹಾಗಾದರೆ ಇದನ್ನು ಹಾಕುವುದಿಲ್ಲವೇ ಎಂದೆ. ಆಗಲ್ಲ ಎಂದರು. ಸರಿ, ಇನ್ನೊಂದು ತರಿಸಿ ಹಾಸನದಲ್ಲಿ ಹಾಕಿಸಿಕೊಳ್ಳುತ್ತೇನೆ, ಕಾರು ಕೊಡಿ ಎಂದೆ. ಅವರು ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅದರ ಮೇಲೆ ಕೈ ಇಟ್ಟುಕೊಂಡರು.

“ಗಾಡಿ ಇಲ್ಲೇ ಇರ್ಲಿ. ಪೊಲೀಸ್‌ನೋರ್ನ ಕರ್ಕೊಂಡ್ ಬಂದ್ರೂ ಕೊಡಲ್ಲ. ಸರಿಯಾದ್ ಹೋಸು ನಾವಿಬ್ರೂ ಸೇರಿ ಹುಡ್ಕೋಣ.”

ನಾನು ಬಸ್ಸಿನಲ್ಲಿ ಬೇಲೂರಿಗೆ ಬಂದೆ. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ.

ಆಮೇಲಿನ ಒಂದೂವರೆ ತಿಂಗಳು ನಾವು ಮಾಡಿದ್ದು ಅದೊಂದೇ ಕೆಲಸ. ಅವರಿಗೆ ಇಂಗ್ಲಿಷ್ ಬಾರದು. ಮಧ್ಯಾಹ್ನ ಅಂಗಡಿ ಖಾಲಿಯಿರುವ ಹೊತ್ತಿಗೆ ಫೋನ್ ಮಾಡಿ, ಮಾರುವವರಿಗೆ ಏನೇನು ಕೇಳಬೇಕೆಂದು ಹೇಳುತ್ತಿದ್ದರು. ನಾನು ಕೇಳಿ ಬರೆದು ಅವರಿಗೆ ಓದಿ ಹೇಳುತ್ತಿದ್ದೆ. ಒಳಗಿನ ನಳಿಗೆ ಟೆಫ್ಲಾನಿನದೇ? ತುದಿಯ ಕೂಡಿಕೆ ಮೆಷಿನ್ನಿನಲ್ಲಿ ಒತ್ತಿ ಕೂರಿಸಿದ್ದೋ, ಸುಮ್ಮನೆ ತಿರುಪಿದ್ದೋ? ಒಂದೊಂದು ಹೋಸನ್ನೂ ಒತ್ತಡ ಕೊಟ್ಟು ನೋಡಿದ್ದಾರೆಯೇ, ಅದರ ಗುರುತು ಅದರ ಮೇಲೇ ಇದೆಯೇ? ತಂತಿಯ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇದೆಯೇ? ಇಲ್ಲದಿದ್ದರೆ ಬರಿಯ ತಂತಿ ಗರಗಸದ ಹಾಗೆ ಪಕ್ಕದಲ್ಲಿರುವುದನ್ನೆಲ್ಲ ತೇಯುತ್ತಾ ಹೋಗುತ್ತದೆ, ಧೂಳು ಸೇರಿ ತನ್ನನ್ನೇ ತಾನು ತಿಂದುಕೊಳ್ಳುತ್ತದೆ. ಕೆಲವರು ಉತ್ತರ ಕೊಡಲಿಲ್ಲ. ಒಬ್ಬ ಯಾವ ಬಣ್ಣ ಬೇಕು ಮೇಡಂ ಎಂದು ಮಾತ್ರ ಕೇಳಿದ. ಮೇಸ್ತ್ರಿ ಅವನ ಹೆಸರು ಹೊಡೆದುಹಾಕಿಸಿದರು.

ಕೊನೆಗೆ ಬೆಂಗಳೂರಿನ ಒಬ್ಬರು ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟರು. ಮೇಸ್ತ್ರಿ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕಾರನ್ನು ಜಾಕಿನ ಮೇಲೆತ್ತಿ ಚಕ್ರ ಇಳಿಬಿಟ್ಟು, ಹುರಿಯಿಂದ ಅಳತೆ ತೆಗೆದು ನನ್ನ ಕೈಲಿ ಕಳಿಸಿದರು. ಬಂದ ನಾಲ್ಕರಲ್ಲಿ ಒಂದು ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಎಳೆದು ಕೂರಿಸಬಹುದಿತ್ತು. ಅದನ್ನು ವಾಪಸು ಕಳಿಸಿ ಇನ್ನೂ ಹತ್ತು ದಿನ ಕಾಯಿಸಿದರು.

ಹಾಕುವ ದಿನ ನನ್ನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಕೊಳವೆಯೊಳಗಿನ ಗಾಳಿ ಹೊರಹೋಗಬೇಕಾದರೆ ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ತಿರುಪು ಬಿಚ್ಚಬೇಕು. ಒತ್ತಿ, ಹಿಡೀರಿ, ಬಿಡಿ ಎಂದು ಅವರ ದನಿ ಅಡಿಯಿಂದ ಬರುತ್ತಿತ್ತು. ಒತ್ತುತ್ತಾ ಒತ್ತುತ್ತಾ ಪೆಡಲು ನನ್ನ ಪಾದದ ಕೆಳಗೆ ಗಟ್ಟಿಯಾಗುತ್ತಾ ಬಂತು. ಕೆಲಸ ಮುಗಿದ ಮೇಲೆ ನಾಲ್ಕೂ ಚಕ್ರದಡಿ ಹಳೆಯ ಪೇಪರು ಹಾಸಿ, ಒಂದು ದಿನ ಹಾಗೇ ಬಿಟ್ಟರು. ಮರುದಿನ ಪೇಪರಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಇನ್ನು ಕೀ ಕೊಡುತ್ತಾರೆ ಎಂದುಕೊಂಡೆ. ಅವರು ಕೈ ತೊಳೆದುಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು. ಅರಸೀಕೆರೆಯ ಸುತ್ತ ಎಲ್ಲ ಸಮತಟ್ಟು, ಇಳಿಜಾರಿನಲ್ಲಿ ನೋಡದೆ ಗಾಡಿ ಕೊಡಲಾರೆ, ಬಿಕ್ಕೋಡಿನ ಕಡೆ ಹೋಗೋಣ ಎಂದರು.

ಜಾವಗಲ್, ಹಳೇಬೀಡು, ಬೇಲೂರು ದಾಟಿದೆವು. ನಾನು ಬ್ರೇಕ್ ಒತ್ತಿದಾಗಲೆಲ್ಲ ಅವರ ಬಲಗಾಲೂ ಕಾರಿನ ನೆಲವನ್ನು ಒತ್ತುತ್ತಿತ್ತು. ಬಿಕ್ಕೋಡಿನಾಚೆ ಎಸ್ಟೇಟಿನ ಇಳಿಜಾರು ಶುರುವಾಗುವ ಕಡೆ, ಇಲ್ಲೇ ಎಂದರು. ಅರ್ಧ ಇಳಿದಾಗ ಜೋರಾಗಿ ಒತ್ತಲು ಹೇಳಿದರು. ಒತ್ತಿದೆ. ಕಾರು ಅಲ್ಲೇ ನಿಂತಿತು. ಅವರು ಇಳಿದು ರಸ್ತೆಯ ಅಂಚಿಗೆ ಹೋಗಿ ಕೆಳಗೆ ನೋಡುತ್ತಾ ನಿಂತರು. ಕಾಫಿ ಗಿಡಗಳ ನಡುವೆ ನೋಡುವಂಥದ್ದು ಏನೂ ಇರಲಿಲ್ಲ. ಅಲ್ಲಿ ನಿಂತೇ ಹೇಳಿದರು.

ಎಂಟು ವರ್ಷದ ಹಿಂದೆ ಆ ಕಡೆಯ ಜೀಪಿನವನೊಬ್ಬ ಅವರ ಹತ್ತಿರ ಬಂದಿದ್ದ. ಎಸ್ಟೇಟಿಗೆ ಆಳುಗಳನ್ನು ಕರೆದೊಯ್ಯುವ ಹಳೆಯ ಜೀಪು. ಎಲ್ಲಿಂದಲೋ ಹೊಳೆಯುವ ಸ್ಟೀಲು ಹೋಸು ತಂದಿದ್ದ, ಹಾಕಿಕೊಡಿ ಅಂದ. ಇವರು ಕೂಡಿಕೆ ನೋಡಿ, ಇಂಥ ಕಸಕ್ಕೆ ಕೈ ಹಚ್ಚುವುದಿಲ್ಲ, ಬೇಕಾದರೆ ಬೇರೆ ಕಡೆ ಹಾಕಿಸಿಕೋ ಎಂದು ಬೈದು ಕಳಿಸಿದರು. ಅವನು ಬೇರೆ ಕಡೆ ಹಾಕಿಸಿಕೊಂಡ. ನಾಲ್ಕನೆಯ ದಿನ ಬೆಳಿಗ್ಗೆ, ಆಳುಗಳನ್ನು ಕರೆತರಲು ಖಾಲಿ ಜೀಪಿನಲ್ಲಿ ಈ ಇಳಿಜಾರು ಇಳಿಯುವಾಗ ಮುಂದಿನ ಒಂದು ಹೋಸು ಕೂಡಿಕೆಯಿಂದ ಕಳಚಿಕೊಂಡಿತು. ಅಂಥ ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಆಯಿಲ್ ಹೋಗಲು ಒಂದೇ ಲೈನು. ಒಂದು ಕಡೆ ಹೋದರೆ ಎಲ್ಲ ಕಡೆಯೂ ಹೋದ ಹಾಗೆ. ಅವನು ಅಲ್ಲೇ ತೀರಿಹೋದ.

ನೀವು ಆಗಲ್ಲ ಅಂದಿದ್ದಿರಲ್ಲ, ನಿಮ್ಮ ತಪ್ಪೇನಿದೆ ಎಂದೆ.

“ಅವನ್ ಜೀವ ಉಳೀಲಿ ಅಂತ ಆಗಲ್ಲ ಅನ್ಲಿಲ್ಲ ಕಣವ್ವ. ನನ್ ಹೆಸ್ರು ಉಳೀಲಿ ಅಂತ ಅಂದೆ. ಅವ್ನು ಗೇಟ್ ದಾಟಿದ್ ಮೇಲೆ ಎತ್ತಾಗ್ ಹೋದ ಅಂತಾನೂ ನೋಡ್ಲಿಲ್ಲ.”

ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವರು ಅಂದು ಮೊದಲ ಸಲ ನನ್ನನ್ನು ಅವ್ವ ಎಂದರು. ಆಮೇಲೆ, ಅವನ ಮನೆ ಇಲ್ಲೇ ಹತ್ತಿರ, ಇಷ್ಟು ವರ್ಷ ಬರಲು ಕಾಲು ಬಂದಿಲ್ಲ, ಒಬ್ಬನೇ ಹೋಗಲಾರೆ ಎಂದರು.

ಹೆಂಚಿನ ಸಣ್ಣ ಮನೆ. ಜಗುಲಿಯ ಮೇಲೆ ಒಬ್ಬ ಹೆಂಗಸು ಹೊಲಿಗೆ ಮೆಷಿನ್ ಮುಂದೆ ಕೂತಿದ್ದರು. ಜೀಪಿನವನ ಹೆಂಡತಿ. ಮೇಸ್ತ್ರಿ ಅಂಗಳದಲ್ಲೇ ನಿಂತು ತಾವು ಯಾರೆಂದು ಹೇಳಿದರು. ಆಕೆ ಮೆಷಿನ್ ನಿಲ್ಲಿಸಿ ಅವರನ್ನೇ ನೋಡಿದರು. ಆಮೇಲೆ ಕುರ್ಚಿ ತಂದು ಹಾಕಿ, ಒಳಗೆ ಹೋಗಿ ಕಾಫಿ ಮಾಡಿ ತಂದರು. ಗಂಡ ಹೋಸು ಹಾಕಿಸಿಕೊಂಡ ದಿನ ಸಂಜೆಯೇ ಹೇಳಿದ್ದರಂತೆ, ಅರಸೀಕೆರೆ ಮೇಸ್ತ್ರಿ ಬೈದು ಕಳಿಸಿದರು, ಇನ್ನೊಬ್ಬರು ಹಾಕಿಕೊಟ್ಟರು ಎಂದು. ನಗುತ್ತಲೇ ಹೇಳಿದ್ದರಂತೆ. ನಿಮ್ಮದು ತಪ್ಪು ಎಂದು ಯಾರೂ ಅನ್ನುವುದಿಲ್ಲ ಎಂದೂ ಆಕೆ ಹೇಳಿದರು. ಮೇಸ್ತ್ರಿಯ ಭುಜ ಸ್ವಲ್ಪ ಸಡಿಲಾದದ್ದನ್ನು ನಾನು ಕಂಡೆ.

ಖಾಲಿ ಲೋಟ ತೆಗೆದುಕೊಳ್ಳಲು ಬಗ್ಗಿದ ಆಕೆ ಹಾಗೆಯೇ ನಿಂತರು.

“ಆದ್ರೂ ಒಂದ್ ಮಾತು ಅಣ್ಣ. ಜೀಪ್ನ ಅಲ್ಲೇ ನಿಲ್ಸ್ಕೊಂಡಿದ್ರೆ ಆಗ್ತಿತ್ತಲ್ವಾ?”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಎಂಟು ವರ್ಷದಿಂದ ಯಾರನ್ನಾದರೂ ಕೇಳಬೇಕೆಂದು ಇಟ್ಟುಕೊಂಡಿದ್ದ ಮಾತಿನ ಹಾಗಿತ್ತು.

“ಆಗ್ತಿತ್ತು ಕಣವ್ವ,” ಎಂದರು ಮೇಸ್ತ್ರಿ. “ನಿಲ್ಸ್ಕೋಬೋದಿತ್ತು.”

ಆಕೆ ತಲೆಯಾಡಿಸಿ ಲೋಟ ತೆಗೆದುಕೊಂಡು ಒಳಗೆ ಹೋದರು. ನಾವು ಹೊರಟಾಗ ಮತ್ತೆ ಮೆಷಿನ್ ಸದ್ದು ಕೇಳಿಸಿತು. ಬೇಲೂರಿಗೆ ಬಂದು ಅವರನ್ನು ಅರಸೀಕೆರೆಯ ಬಸ್ಸು ಹತ್ತಿಸಿದೆ. ಕಾರಿನಿಂದ ಇಳಿಯುವಾಗ ತಾವೇ ತೆಗೆದುಕೊಂಡಿದ್ದ ಕೀಯನ್ನು ನನ್ನ ಕೈಗಿಟ್ಟು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ ಎಂದಷ್ಟೇ ಹೇಳಿದರು.

ಅಲ್ಲಿಗೆ ಹೋಗಿಬಂದ ಮೇಲೆ ಅವರಿಗೆ ಹಗುರವಾಗಿರಬಹುದು ಎಂದು ನಾನು ನಂಬಿದ್ದೆ. ಇಲ್ಲ. ಮೊದಲಾದರೆ ನನ್ನ ತಪ್ಪಿರಲಿಕ್ಕಿಲ್ಲ ಎಂದು ಒಂದೊಂದು ದಿನ ಅನಿಸುತ್ತಿತ್ತು, ಈಗ ಹಾಗೂ ಅನಿಸುವುದಿಲ್ಲ ಎಂದು ಒಮ್ಮೆ ಫೋನಿನಲ್ಲಿ ಹೇಳಿದರು. ಹೋಗಬಾರದಿತ್ತೇ ಎಂದು ಕೇಳಿದೆ. ಹೋಗಲೇಬೇಕಿತ್ತು ಎಂದರು. ಅಲ್ಲಿಂದ ಮುಂದೆ ವರ್ಷಕ್ಕೆರಡು ಸಲ ಬಿಕ್ಕೋಡಿಗೆ ಹೋಗಿ ಆ ಜಗುಲಿಯಲ್ಲಿ ಕೂತು ಕಾಫಿ ಕುಡಿದು ಬರುತ್ತಿದ್ದರು. ಏನು ಮಾತಾಡುತ್ತಿದ್ದರೋ ನಾನು ಕೇಳಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಎದೆ ಹಿಡಿದುಕೊಂಡವರು ಆಸ್ಪತ್ರೆ ಮುಟ್ಟಲಿಲ್ಲವೆಂದು ಅವರ ಮಗಳು ತಿಳಿಸಿದಳು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಿಕ್ಕೋಡಿನ ಆ ಹೆಂಗಸು ನನಗಿಂತ ಮೊದಲೇ ಬಂದು ಗೋಡೆಗೊರಗಿ ಕೂತಿದ್ದರು.

ನನ್ನ ಕೆಲಸದಲ್ಲಿ ದಿನಕ್ಕೆ ಎಷ್ಟೋ ಸಲ ಆಗಲ್ಲ ಎನ್ನಬೇಕಾಗುತ್ತದೆ. ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೇಳುವವರು ಬರುತ್ತಾರೆ, ಯಾರದೋ ಹಳೆಯ ಚೀಟಿ ಹಿಡಿದು ತಮಗೆ ಔಷಧಿ ಕೇಳುವವರು ಬರುತ್ತಾರೆ. ಆಗಲ್ಲ ಎಂದು ಹೇಳಿದರೆ ನನ್ನ ಕೆಲಸ ಮುಗಿಯಿತು, ನಾನು ಸರಿಯಾಗಿ ನಡೆದುಕೊಂಡೆ ಎಂದು ಇಪ್ಪತ್ತು ವರ್ಷ ನೆಮ್ಮದಿಯಿಂದಿದ್ದೆ. ಆ ನೆಮ್ಮದಿಯನ್ನು ಮೇಸ್ತ್ರಿ ಕಿತ್ತುಕೊಂಡರು. ಈಗ ಅಂಥವರನ್ನು ಕೂರಿಸುತ್ತೇನೆ, ಡಾಕ್ಟರಿಗೆ ನಾನೇ ಫೋನ್ ಮಾಡುತ್ತೇನೆ, ಕೆಲವರನ್ನು ಆಸ್ಪತ್ರೆಯ ಬಾಗಿಲವರೆಗೆ ಬಿಟ್ಟು ಬರುತ್ತೇನೆ. ಎಲ್ಲರಿಗೂ ಹಾಗೆ ಮಾಡಲಾಗುವುದಿಲ್ಲ.

ಮೊನ್ನೆ ಸಂತೆಯ ದಿನ ಅಂಗಡಿ ತುಂಬಿತ್ತು. ವಯಸ್ಸಾದ ಒಬ್ಬರು ಎರಡು ವರ್ಷದ ಹಿಂದಿನ ಚೀಟಿ ಹಿಡಿದು ಫಿಟ್ಸ್ ಬಾರದಿರಲು ಮಾತ್ರೆ ಕೇಳಿದರು. ಡಾಕ್ಟರಿಗೆ ತೋರಿಸಿಕೊಂಡು ಬನ್ನಿ, ಹೀಗೆ ಕೊಡಲು ಆಗಲ್ಲ ಎಂದುಬಿಟ್ಟೆ. ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಇನ್ನಿಬ್ಬರಿಗೆ ಔಷಧಿ ಕೊಡುವಷ್ಟರಲ್ಲಿ, ಆ ಮಾತ್ರೆ ಒಂದೆರಡು ದಿನ ತಪ್ಪಿದರೂ ಫಿಟ್ಸ್ ಮರಳಿ ಬರಬಹುದು ಎಂದು ನೆನಪಾಯಿತು. ಕೌಂಟರ್ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ಮೂರು ಬಸ್ಸು ಒಂದರ ಹಿಂದೊಂದು ಹೊರಟಿದ್ದವು. ಅವರು ಯಾವುದನ್ನು ಹತ್ತಿದರೋ ಗೊತ್ತಾಗಲಿಲ್ಲ. ಯಾವೂರಿನವರೆಂದು ನಾನು ಕೇಳಿರಲಿಲ್ಲ.